ಮಗುವಿಗೆ ಮಾತು ತಡವಾಗಿದೆ, ಏನು ಮಾಡಲಿ? ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಂಜೇಶ್ವರದಿಂದ ಕಾಞಂಗಾಡಿನವರೆಗಿನ ಕನ್ನಡ ಬಲ್ಲ ಮನೆಗಳು ಕೇಳಿದ ಪ್ರಶ್ನೆಗಳಿವು. ಕೆಲವು ಸ್ಪೀಚ್ ಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ ಕೇಳಿದವು, ಕೆಲವು ವಾಟ್ಸಾಪ್ ವಾಯ್ಸ್ ಮೆಸೇಜಾಗಿ ಬಂದವು, ಒಂದೆರಡನ್ನು ಅಂಗನವಾಡಿ ಟೀಚರುಗಳು ಬರೆದು ಕಳಿಸಿದರು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಮಗುವನ್ನು ಕಣ್ಣಾರೆ ನೋಡದೆ ಕೊಟ್ಟ ಉತ್ತರಗಳು ಎಂಬುದು ನೆನಪಿರಲಿ.

## ಮೊದಲ ಸಂಶಯಗಳು

ಎರಡು ವರ್ಷ ಆಯ್ತು, ‘ಅಮ್ಮ’ ಬಿಟ್ಟರೆ ಬೇರೆ ಏನೂ ಹೇಳುವುದಿಲ್ಲ. ಅವನ ಅಪ್ಪನೂ ಸಣ್ಣದಿರುವಾಗ ಹೀಗೆಯೇ ಇದ್ದರಂತೆ. ಮೂರು ವರ್ಷದವರೆಗೆ ಕಾಯಬಹುದಾ?

ಕಾಯಬೇಡಿ. ಒಂದು ವರ್ಷಕ್ಕೆ ಅರ್ಥವಿಟ್ಟು ಆಡುವ ಒಂದೆರಡು ಪದ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ‘ಅಜ್ಜಿ ಬಾ’, ‘ಹಾಲು ಬೇಡ’ ಎಂಬ ಜೋಡಣೆ. ಮೂರು ವರ್ಷಕ್ಕೆ ಮನೆಗೆ ಬಂದ ನೆಂಟರಿಗೂ ಹೆಚ್ಚಿನ ಮಾತು ತಿಳಿಯಬೇಕು. ಸುಮಾರು ಲೆಕ್ಕ ಇದು. ತಡವಾದ ಮಕ್ಕಳಲ್ಲಿ ಹಲವರು ತಾವಾಗಿಯೇ ಸರಿದೂಗಿಸಿಕೊಳ್ಳುತ್ತಾರೆ, ನಿಜ. ಆ ಹಲವರಲ್ಲಿ ನಿಮ್ಮ ಮಗನೂ ಇದ್ದಾನೆಯೇ ಎಂದು ಎರಡು ವರ್ಷದಲ್ಲಿ ಯಾರೂ ಗ್ಯಾರಂಟಿ ಕೊಡಲಾರರು. ಅಪ್ಪನಿಗೂ ತಡವಾಗಿತ್ತು ಎಂಬುದನ್ನು ಸಮಾಧಾನಕ್ಕೆ ಹೇಳುತ್ತಾರೆ. ಆದರೆ ಕುಟುಂಬದಲ್ಲಿ ಮಾತಿನ ತೊಂದರೆ ಇದ್ದರೆ ಮಗುವಿಗೂ ಅದು ಉಳಿಯುವ ಸಂಭವ ಹೆಚ್ಚುತ್ತದೆ. ಗಂಡುಮಕ್ಕಳಿಗೆ ಮಾತು ತಡ ಎಂಬುದೂ ಒಂದೆರಡು ತಿಂಗಳ ಮಾತು, ವರ್ಷದ್ದಲ್ಲ. ತೋರಿಸಿದ ಮೇಲೆ ‘ಏನೂ ತೊಂದರೆ ಇಲ್ಲ’ ಅಂದರೆ ಒಂದು ದಿನದ ಬಸ್ಸಿನ ದುಡ್ಡು ಹೋಯಿತು, ಅಷ್ಟೆ.

ಅಂಗನವಾಡಿಯಲ್ಲಿ ನಾವು ಮಾತು ಬಿಟ್ಟು ಬೇರೆ ಎಂತ ಗಮನಿಸಬೇಕು?

ಬೆರಳನ್ನು ಮೊದಲು ನೋಡಿ. ಒಂದು ವರ್ಷ ದಾಟಿದ ಮಗು ಕಾಗೆಯನ್ನೋ ಲಾರಿಯನ್ನೋ ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತದೆ. ಆ ತೋರಿಸುವಿಕೆ ಇಲ್ಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ‘ಟಾಟಾ’ ಮಾಡದಿದ್ದರೆ, ಪದಗಳ ಲೆಕ್ಕಕ್ಕಿಂತ ಅದೇ ಹೆಚ್ಚು ಮುಖ್ಯ. ಹಿಂದೆ ಆಡುತ್ತಿದ್ದ ಪದಗಳು ನಿಂತುಹೋದರೆ ಯಾವ ವಯಸ್ಸಿನಲ್ಲಾದರೂ ತಡಮಾಡದೆ ಕಳಿಸಿ.

ಕಿವಿ ಚೆನ್ನಾಗಿಯೇ ಕೇಳುತ್ತದೆ, ಪಟಾಕಿ ಹೊಡೆದರೆ ಬೆಚ್ಚಿ ಬೀಳುತ್ತಾಳೆ. ಮತ್ತೆ ಕಿವಿ ಪರೀಕ್ಷೆ ಯಾಕೆ?

ಪಟಾಕಿ ಕೇಳುವುದು ಬೇರೆ, ‘ಸೊಪ್ಪು’ ‘ಕಪ್ಪು’ಗಳ ವ್ಯತ್ಯಾಸ ಕೇಳುವುದು ಬೇರೆ. ಕೆಲವು ಮಕ್ಕಳಿಗೆ ದಪ್ಪ ಸದ್ದು ಸರಿಯಾಗಿ ಕೇಳಿಸುತ್ತದೆ, ಸ ಶ ದಂಥ ತೆಳು ಸದ್ದು ಕೇಳಿಸುವುದಿಲ್ಲ. ಶೀತವಾದಾಗ ಕಿವಿಪರದೆಯ ಹಿಂದೆ ನೀರು ತುಂಬಿ, ತಿಂಗಳುಗಟ್ಟಲೆ ಅರ್ಧಂಬರ್ಧ ಕೇಳುವ ಮಕ್ಕಳೂ ಇದ್ದಾರೆ. ನೋವಿಲ್ಲ, ಸೋರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಸಣ್ಣ ಮಕ್ಕಳಿಗೆ ಒಎಇ, ಬೆರಾ ಎಂಬ ಪರೀಕ್ಷೆಗಳಿವೆ. ಬೆರಾಕ್ಕೆ ಮಗು ನಿದ್ದೆ ಮಾಡಬೇಕು, ತಲೆಗೆ ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ, ಸೂಜಿ ಇಲ್ಲ. ಶ್ರವಣ ಪರೀಕ್ಷೆಯ ಮಾತೇ ಎತ್ತದೆ ತಿಂಗಳಾನುಗಟ್ಟಲೆ ಥೆರಪಿ ಕೊಡುವವರಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ.

ನಾಲಿಗೆ ಅಡಿಯಲ್ಲಿ ಅಂಟಿದೆ, ಕತ್ತರಿಸಿದರೆ ಮಾತು ಬರುತ್ತದೆ ಅಂತಾರೆ. ಅತ್ತೆ ಬಜೆ ತೇದು ಜೇನಿನಲ್ಲಿ ನೆಕ್ಕಿಸುತ್ತಾರೆ. ಹರಕೆಯೂ ಉಂಟು. ಯಾವುದು ಸರಿ?

ಅಂಟಿದ ನಾಲಿಗೆಯಿಂದ ಹಾಲು ಕುಡಿಯಲು ಕಷ್ಟವಾಗಬಹುದು, ಕೆಲವು ಅಕ್ಷರಗಳ ಉಚ್ಚಾರ ತೊಡಕಬಹುದು. ಆದರೆ ಮಗು ಪದಗಳನ್ನೇ ಕಲಿಯದಿರುವುದಕ್ಕೆ ಅದು ಕಾರಣವಲ್ಲ. ಕತ್ತರಿಸಿದ ಮಾತ್ರಕ್ಕೆ ಮಾತು ಬರುವುದಿಲ್ಲ. ಬಜೆಯಿಂದ ಮಾತು ಬಂದದ್ದಕ್ಕೆ ಆಧಾರವಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯವಿದೆ. ಅತ್ತೆಯ ಹತ್ತಿರ ಜಗಳ ಬೇಡ, ಡಾಕ್ಟರ ಮೇಲೆ ಹಾಕಿ ಹೇಳಿ. ಹರಕೆ ಮನೆಯ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ. ಮಧೂರಿಗೋ ಕೊಲ್ಲೂರಿಗೋ ಹೋಗಿ ಬನ್ನಿ, ‘ಹರಕೆ ತೀರಿದ ಮೇಲೆ ಆಸ್ಪತ್ರೆ’ ಎಂದು ಮಾತ್ರ ಮುಂದೂಡಬೇಡಿ.

ಎಬಿಸಿಡಿ, ಇಂಗ್ಲಿಷ್ ಹಾಡು, ಬಣ್ಣದ ಹೆಸರು ಎಲ್ಲ ಹೇಳುತ್ತಾನೆ. ನೀರು ಬೇಕಾದರೆ ಮಾತ್ರ ನನ್ನ ಕೈ ಹಿಡಿದು ಎಳೆಯುತ್ತಾನೆ. ಬುದ್ಧಿವಂತ ಅಲ್ವಾ?

ನೆನಪು ಚೆನ್ನಾಗಿದೆ, ಸಂಶಯವಿಲ್ಲ. ಆದರೆ ಮೊಬೈಲಿನಿಂದ ಕಲಿತದ್ದನ್ನು ಒಪ್ಪಿಸುವುದಕ್ಕೂ ಇನ್ನೊಬ್ಬರಿಗೆ ಏನನ್ನೋ ತಿಳಿಸುವುದಕ್ಕೂ ತುಂಬ ಅಂತರವಿದೆ. ಮೊಬೈಲು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ, ಮಗು ಸುಮ್ಮನಿದ್ದರೂ ಹಾಡು ಮುಂದುವರಿಯುತ್ತದೆ. ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎನ್ನುತ್ತಾರೆ ವೈದ್ಯರು. ಮೊಬೈಲಿನಿಂದಲೇ ಆಟಿಸಂ ಬಂತು ಎಂದು ತಾಯಂದಿರನ್ನು ಬಯ್ಯುವುದು ಮಾತ್ರ ತಪ್ಪು. ಆಟಿಸಂ ಹುಟ್ಟಿನಿಂದಲೇ ಇರುವ ಬೆಳವಣಿಗೆಯ ಭಿನ್ನತೆ. ನೀವು ಹೇಳಿದಂತೆ ಕೈ ಎಳೆದು ಕೇಳುವುದು, ಕೇಳಿದ ವಾಕ್ಯವನ್ನೇ ತಿರುಗಿ ಹೇಳುವುದು ಕಂಡರೆ ಆ ದಿಕ್ಕಿನಲ್ಲೂ ಪರೀಕ್ಷೆ ಆಗಲಿ.

## ಯಾವ ಭಾಷೆ, ಯಾವ ಊರು

ಮನೆಯಲ್ಲಿ ತುಳು, ಬೇಲಿಯಾಚೆ ಮಲಯಾಳ, ಅಂಗನವಾಡಿಯಲ್ಲಿ ಕನ್ನಡ. ಇಷ್ಟು ಭಾಷೆ ಕೇಳಿ ಮಗುವಿಗೆ ಗೊಂದಲ ಆಗಿದೆಯಾ?

ಇಲ್ಲ. ಹೆಚ್ಚು ಭಾಷೆ ಕೇಳಿದ್ದರಿಂದ ಮಾತಿನ ತೊಂದರೆ ಬರುವುದಿಲ್ಲ. ಹಾಗೆ ಬರುವುದಿದ್ದರೆ ಕಾಸರಗೋಡಿನ ಅರ್ಧ ಜಿಲ್ಲೆ ಮೂಕವಾಗಬೇಕಿತ್ತು! ಲೆಕ್ಕ ಹಾಕುವಾಗ ಮಾತ್ರ ಎಡವುತ್ತೇವೆ. ಹಾಲಿಗೆ ‘ಪೇರ್’, ಬೆಕ್ಕಿಗೆ ‘ಪುಚ್ಚೆ’ ಎಂದು ತುಳುವಿನಲ್ಲೂ, ‘ವಾ’ ಎಂದು ಮಲಯಾಳದಲ್ಲೂ, ‘ಬೇಡ’ ಎಂದು ಕನ್ನಡದಲ್ಲೂ ಹೇಳುವ ಮಗುವಿಗೆ ನಾಲ್ಕು ಪದ ಬರುತ್ತವೆ. ಕನ್ನಡ ಟೀಚರ ಲೆಕ್ಕಕ್ಕೆ ಅದು ಒಂದೇ. ಎಲ್ಲ ಭಾಷೆಯ ಪದಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ. ಹಾಗೆ ಕೂಡಿಸಿದರೂ ಕಡಿಮೆ ಎಂದಾದರೆ ತೊಂದರೆ ನಿಜವಾಗಿ ಇದೆ, ಕಾರಣವನ್ನು ಬೇರೆಡೆ ಹುಡುಕಬೇಕು.

ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದೂ ರೋಗವಲ್ಲ. ಕುಂಬಳೆ ಪೇಟೆಯಲ್ಲಿ ಹತ್ತು ನಿಮಿಷ ನಿಂತು ದೊಡ್ಡವರ ಮಾತು ಕೇಳಿ.

ಒಬ್ಬರು ಡಾಕ್ಟರು ‘ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಆದರೆ ಮುಂದೆ ಶಾಲೆಗೂ ಆಯಿತು’ ಅಂದರು. ನಮ್ಮದು ಹವ್ಯಕ ಮನೆ.

ಈ ಸಲಹೆಯಿಂದ ಆಗುವ ನಷ್ಟವನ್ನು ನಾನು ಸಾಕಷ್ಟು ನೋಡಿದ್ದೇನೆ. ಇಂಗ್ಲಿಷಿನಲ್ಲಿ ನಿಮ್ಮಿಂದ ಹೊರಡುವುದು ‘ಕಮ್’, ‘ಸಿಟ್’, ‘ಈಟ್’, ಇಷ್ಟೇ. ಮಗುವನ್ನು ರಮಿಸುವುದು, ಗದರುವುದು, ಕತೆ ಹೇಳುವುದು, ಅಜ್ಜನ ಹತ್ತಿರ ದೂರು ಹೇಳುವುದು ಎಲ್ಲ ಹವಿಗನ್ನಡದಲ್ಲಿ. ಅದನ್ನು ನಿಲ್ಲಿಸಿದರೆ ಮನೆಯ ನಾಲ್ಕು ಜನರ ಮಾತು ಮಗುವಿನ ಪಾಲಿಗೆ ನಿಂತಂತೆ. ಮಾತು ಕಲಿಯಲು ಕಷ್ಟಪಡುವ ಮಗುವಿಗೆ ಬೇಕಾದದ್ದು ತುಂಬು ಮಾತು, ಅದು ನಿಮಗೆ ಸಲೀಸಾದ ಭಾಷೆಯಲ್ಲೇ ಬಂದೀತು. ಆಟಿಸಂ ಇರುವ ಮಕ್ಕಳಿಗೂ ಇದೇ ಉತ್ತರ. ಒಂದು ಭಾಷೆಯಲ್ಲಿ ಗಟ್ಟಿಯಾದದ್ದು ಇನ್ನೊಂದಕ್ಕೂ ದಾಟುತ್ತದೆ.

ಥೆರಪಿ ಕೊಡುವವರು ಮಲಯಾಳಿ. ಮಗುವಿಗೆ ಅವರ ಮಾತು ತಿಳಿಯುವುದಿಲ್ಲ. ಹೋಗಿ ಪ್ರಯೋಜನ ಉಂಟಾ?

ಉಂಟು, ನೀವು ಒಳಗೆ ಕೂತರೆ. ಥೆರಪಿಸ್ಟಿಗೆ ವಿದ್ಯೆ ಗೊತ್ತು, ನಿಮಗೆ ಭಾಷೆ ಗೊತ್ತು. ಒಂದು ನೋಟ್ ಪುಸ್ತಕದಲ್ಲಿ ಮನೆಯ ಪದಗಳನ್ನು ಬರೆದುಕೊಂಡು ಹೋಗಿ: ಅಜ್ಜಿಯನ್ನು ಏನೆಂದು ಕರೆಯುತ್ತಾನೆ, ಅನ್ನಕ್ಕೆ, ಸ್ನಾನಕ್ಕೆ, ಮೂತ್ರಕ್ಕೆ ಮನೆಯಲ್ಲಿ ಯಾವ ಮಾತು, ಇಷ್ಟದ ತಿಂಡಿ ಯಾವುದು. ‘ಈ ವಾರದ ಗುರಿಯನ್ನು ನಮ್ಮ ಭಾಷೆಯ ಪದಗಳಲ್ಲೇ ಇಡಿ’ ಎಂದು ಕೇಳುವುದು ನಿಮ್ಮ ಹಕ್ಕು, ಅವಿನಯವಲ್ಲ. ಒಳ್ಳೆಯ ಥೆರಪಿಸ್ಟರು ಖುಷಿಯಿಂದ ಕಲಿಯುತ್ತಾರೆ. ಹೆತ್ತವರನ್ನು ಹೊರಗೆ ಕೂರಿಸಿ ಬಾಗಿಲು ಹಾಕುವ ಕಡೆ ಇದು ಸಾಧ್ಯವಿಲ್ಲ.

ಉಚ್ಚಾರ ಮತ್ತು ಉಗ್ಗಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಮಗುವಿನ ಭಾಷೆ ಬಲ್ಲವರೇ ಪರೀಕ್ಷೆ ಮಾಡಬೇಕು. ಒಮ್ಮೆ ಕನ್ನಡದಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ ವರದಿ ತಂದರೆ, ವಾರದ ಥೆರಪಿಯನ್ನು ಹತ್ತಿರದಲ್ಲೇ ಮುಂದುವರಿಸಬಹುದು.

ಎಲ್ಲಿ ತೋರಿಸುವುದು? ಮಂಗಳೂರಿಗೇ ಹೋಗಬೇಕಾ?

ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು, 18 ವರ್ಷದವರೆಗಿನ ಮಕ್ಕಳಿಗೆ. ಅದರಡಿಯಲ್ಲಿ ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಗಳಿವೆ, ನಮ್ಮ ಜಿಲ್ಲೆಯದನ್ನು ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ದಾರಿ ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಹಿಡಿಯಿರಿ. ಶಾಲೆಗೆ ಹೋಗುವ ಮಗುವಾದರೆ ಸಮಗ್ರ ಶಿಕ್ಷಾ ಎಂಬ ಸರಕಾರಿ ಶಿಕ್ಷಣ ಯೋಜನೆಯ ಬಿ.ಆರ್.ಸಿ.ಗಳಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಸ್ಪೆಷಲ್ ಎಜುಕೇಟರುಗಳಿದ್ದಾರೆ. ಮಂಜೇಶ್ವರ, ಉಪ್ಪಳದವರಿಗೆ ಕಾಞಂಗಾಡಿಗಿಂತ ಮಂಗಳೂರೇ ಹತ್ತಿರ. ಅಲ್ಲಿ ವಾಕ್ ಮತ್ತು ಶ್ರವಣದ ಕೋರ್ಸು ನಡೆಸುವ ಕಾಲೇಜುಗಳು ಹಲವಿವೆ, ಅವುಗಳ ಒಪಿಡಿಯಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಥೆರಪಿ ಕೊಡುತ್ತಾರೆ. ‘ಕಲಿಯುವ ಮಕ್ಕಳ ಕೈಗೆ ಕೊಟ್ಟರು’ ಎಂದು ಬೇಸರ ಪಡುವವರಿದ್ದಾರೆ, ನನಗೆ ಹಾಗನಿಸುವುದಿಲ್ಲ. ಅವರಿಗೆ ಸಮಯವಿದೆ, ಉತ್ಸಾಹವಿದೆ.

ವಿವರವಾದ ಪರೀಕ್ಷೆ ಕನ್ನಡದಲ್ಲೇ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ಸಂಸ್ಥೆ. ಒಮ್ಮೆ ಹೋಗಿ ಬಂದ ಮೇಲೆ ದೂರದಲ್ಲಿರುವವರಿಗೆ ವಿಡಿಯೊ ಮೂಲಕ ಥೆರಪಿ ಕೊಡುವ ವ್ಯವಸ್ಥೆಯೂ ಅಲ್ಲಿದೆ. ಕೇರಳದ ದೊಡ್ಡ ಸಂಸ್ಥೆ ತಿರುವನಂತಪುರದ ನಿಷ್, ನಮಗೆ ಮೈಸೂರಿಗಿಂತ ಬಹಳ ದೂರ.

ಅವರು ನಿಜವಾಗಿ ಥೆರಪಿ ಕಲಿತವರು ಅಂತ ಹೇಗೆ ಗೊತ್ತಾಗುವುದು?

ಬಿ.ಎ.ಎಸ್.ಎಲ್.ಪಿ. ಎಂಬ ನಾಲ್ಕು ವರ್ಷದ ವಾಕ್ ಶ್ರವಣ ಪದವಿ ಇರಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಹೋಗಬೇಡಿ.

## ಥೆರಪಿ ಶುರುವಾದ ಮೇಲೆ

ಮುಕ್ಕಾಲು ಗಂಟೆ ಗುಳ್ಳೆ ಊದಿಸಿ, ಕಾರು ಓಡಿಸಿ ಕಳಿಸುತ್ತಾರೆ. ಆಟಕ್ಕೆ ದುಡ್ಡು ಕೊಡಬೇಕಾ?

ಆ ಆಟದಲ್ಲಿ ಥೆರಪಿಸ್ಟಿನ ಕೈ ನೋಡಿ. ಒಂದೆರಡು ಸಲ ಗುಳ್ಳೆ ಊದಿ, ಬಾಟಲಿ ಮುಚ್ಚಿ, ಸುಮ್ಮನೆ ಮಗುವಿನ ಮುಖ ನೋಡುತ್ತಾರೆ. ಮಗು ಕಣ್ಣೆತ್ತುವವರೆಗೆ, ಕೈ ಚಾಚುವವರೆಗೆ, ‘ಊ’ ಅನ್ನುವವರೆಗೆ ಕಾಯುತ್ತಾರೆ. ಅನ್ನುತ್ತಲೇ ‘ಊದು!’ ಎಂದು ಊದುತ್ತಾರೆ. ಕೇಳಿದರೆ ಸಿಗುತ್ತದೆ ಎಂದು ಮಗು ಕಲಿಯುವುದು ಹೀಗೆ. ಇದಿಲ್ಲದೆ ‘ಅಮ್ಮ ಅನ್ನು, ಅಪ್ಪ ಅನ್ನು’ ಎಂದು ಹೇಳಿಸಿದರೆ ಗಿಳಿಪಾಠ.

ಆಟಕ್ಕೊಂದು ಗುರಿ ಇರಬೇಕು, ಅದನ್ನು ನಿಮಗೆ ಹೇಳಬೇಕು. ‘ಈ ತಿಂಗಳು ಏನನ್ನು ಸಾಧಿಸುತ್ತೀರಿ?’ ಎಂದಾಗ ಉತ್ತರ ಸಿಗದಿದ್ದರೆ ನಿಮ್ಮ ಸಂಶಯ ಸರಿ.

ವಾರಕ್ಕೆ ಒಂದು ದಿನ ಕರೆದುಕೊಂಡು ಹೋಗುವುದೇ ಕಷ್ಟ. ಮನೆಯಲ್ಲಿ ತೋಟ, ದನ, ಅಡಿಗೆ ಬಿಟ್ಟು ಕೂರಲು ಪುರುಸೊತ್ತಿಲ್ಲ. ನಾವೇನು ಮಾಡುವುದು?

ಕೂರಬೇಡಿ. ಅಂಗಳದಲ್ಲಿ ಅಡಿಕೆ ಹೆಕ್ಕುವಾಗ ಮಗುವನ್ನು ಪಕ್ಕಕ್ಕೆ ಕರೆದುಕೊಳ್ಳಿ. ‘ಹೆಕ್ಕು. ಹಾಕು. ಇನ್ನೊಂದು ಹೆಕ್ಕು. ಹಾಕು.’ ಒಂದೇ ಪದ ಒಂದೇ ಕೆಲಸದ ಜೊತೆ ನೂರು ಸಲ ಕಿವಿಗೆ ಬೀಳುತ್ತದೆ, ಯಾವ ಕ್ಲಿನಿಕ್ಕಿನಲ್ಲೂ ಅಷ್ಟು ಸಾಧ್ಯವಿಲ್ಲ. ಆಮೇಲೆ ಒಂದು ಅಡಿಕೆ ಕೈಯಲ್ಲಿ ಹಿಡಿದು, ಚೀಲದ ಬಾಯಿ ತೆರೆದು, ‘ಹಾ…’ ಎಂದು ನಿಲ್ಲಿಸಿ. ಮನಸ್ಸಿನಲ್ಲಿ ಹತ್ತು ಎಣಿಸಿ. ನಾವು ಎರಡಕ್ಕೇ ಸೋತು ಪದವನ್ನು ನಾವೇ ಪೂರ್ತಿ ಮಾಡಿಬಿಡುತ್ತೇವೆ. ಥೆರಪಿಯಲ್ಲಿ ಹೆತ್ತವರಿಗೆ ಕಲಿಸಲು ಅತಿ ಕಷ್ಟದ ಪಾಠ ಈ ಕಾಯುವುದೇ.

ದನಕ್ಕೆ ಅಕ್ಕಚ್ಚು ಕೊಡುವಾಗ ಅದೇ ಕ್ರಮ. ತಿಂಡಿ ಕೊಡುವಾಗ ಎರಡು ಕೈಯಲ್ಲಿ ಎರಡು ಹಿಡಿದು ‘ದೋಸೆಯಾ, ಬಾಳೆಹಣ್ಣಾ?’ ಎಂದು ಕೇಳಿ, ಬೆರಳು ತೋರಿಸಿದರೂ ಉತ್ತರ ಎಂದೇ ತೆಗೆದುಕೊಳ್ಳಿ. ಮಗು ‘ದನ’ ಅಂದರೆ ನೀವು ‘ದನ ಬಂತು’ ಅನ್ನಿ, ಒಂದು ಪದ ಮಾತ್ರ ಸೇರಿಸಿ. ‘ಇದು ಏನು? ಅದು ಏನು?’ ಎಂಬ ಪರೀಕ್ಷೆ ಕಡಿಮೆ ಮಾಡಿ. ನೆಂಟರು ಬಂದಾಗ ‘ಮಾಮನಿಗೆ ಹೇಳು, ಹೇಳು’ ಎಂದು ಒತ್ತಾಯಿಸುವುದನ್ನು ಪೂರ್ತಿ ಬಿಡಿ.

ಅಜ್ಜ ಅಜ್ಜಿಯರು ಕೇಳುವ ಮೊದಲೇ ತಂದುಕೊಟ್ಟರೆ ಮಗುವಿಗೆ ಮಾತಿನ ಅಗತ್ಯವೇ ಬೀಳುವುದಿಲ್ಲ. ಬೇಕಾದದ್ದನ್ನು ಕಾಣುವಂತೆ, ಕೈಗೆಟುಕದಂತೆ ಇಡಿ. ಅಜ್ಜಿಗೆ ಇದು ಕ್ರೂರ ಅನಿಸುತ್ತದೆ. ಒಂದು ಸಲ ಥೆರಪಿಗೆ ಅವರನ್ನೇ ಕರೆದುಕೊಂಡು ಹೋಗಿ.

ಐದು ವರ್ಷ. ಕಾಗೆಗೆ ‘ತಾದೆ’, ರವಿಗೆ ‘ಲವಿ’ ಅಂತಾನೆ. ಎರಡೂ ಸರಿ ಮಾಡಬೇಕಾ?

‘ತಾದೆ’ಗೆ ಥೆರಪಿ ಬೇಕು, ಕ, ಗ ಗಳು ನಾಲ್ಕು ವರ್ಷದೊಳಗೆ ಬಂದಿರಬೇಕು. ‘ಲವಿ’ಗೆ ಸ್ವಲ್ಪ ಕಾಯಬಹುದು, ರ ತಡವಾಗಿ ಬರುವ ಸದ್ದು. ‘ಭಟ್ರು’ ಬದಲು ‘ಬಟ್ರು’ ಅಂದರೆ ತಿದ್ದಲೇಬೇಡಿ. ತುಳುನಾಡಿನ ಬಾಯಲ್ಲಿ ಮಹಾಪ್ರಾಣ ಹೊರಡುವುದೇ ಅಪರೂಪ, ಅದು ಊರಿನ ರೂಢಿ. ಮನೆಯವರ ಬಾಯಲ್ಲೇ ಇಲ್ಲದ್ದನ್ನು ಮಗುವಿನಲ್ಲಿ ದೋಷವೆಂದು ಬರೆದ ವರದಿ ಕಂಡರೆ ಪ್ರಶ್ನಿಸಿ.

ಮೂರೂವರೆ ವರ್ಷ, ಚೆನ್ನಾಗಿ ಮಾತಾಡುತ್ತಿದ್ದಳು. ಈಗ ‘ನಾ ನಾ ನಾ ನಾನು’ ಅಂತ ಉಗ್ಗುತ್ತಾಳೆ. ಹೆದರಿದ್ದಾಳಾ?

ಉಗ್ಗು ಹೆದರಿಕೆಯಿಂದ ಹುಟ್ಟುವುದಿಲ್ಲ. ಎರಡರಿಂದ ಐದು ವರ್ಷದ ನಡುವೆ, ವಾಕ್ಯಗಳು ಉದ್ದವಾಗುವ ಹೊತ್ತಿನಲ್ಲಿ, ಇದು ಶುರುವಾಗುತ್ತದೆ. ನೂರರಲ್ಲಿ ಸುಮಾರು ಐದು ಮಕ್ಕಳಿಗೆ. ಹೆಚ್ಚಿನವರದ್ದು ತಾನಾಗಿ ಹೋಗುತ್ತದೆ. ಆರು ತಿಂಗಳು ದಾಟಿದರೆ, ಪದ ಹೊರಡದೆ ಮುಖ ಬಿಗಿಯುತ್ತಿದ್ದರೆ, ಕುಟುಂಬದಲ್ಲಿ ಉಗ್ಗುವವರಿದ್ದರೆ, ಅಥವಾ ಅವಳೇ ಮಾತಾಡಲು ಹಿಂಜರಿದರೆ ತೋರಿಸಿ. ‘ನಿಧಾನ ಹೇಳು, ಮೊದಲಿಂದ ಹೇಳು’ ಎನ್ನಬೇಡಿ. ನಿಮ್ಮ ಮಾತಿನ ವೇಗ ಇಳಿಸಿ, ಅವಳು ಮುಗಿಸುವವರೆಗೆ ಬೇರೆಯವರು ಬಾಯಿ ಹಾಕದಂತೆ ನೋಡಿಕೊಳ್ಳಿ.

## ಸುಲಭದಲ್ಲಿ ಮುಗಿಯದವು

ಚಿತ್ರದ ಕಾರ್ಡು ತೋರಿಸಿ ಕೇಳುವುದನ್ನು ಕಲಿಸುತ್ತಿದ್ದಾರೆ. ಕಾರ್ಡೇ ಅಭ್ಯಾಸವಾದರೆ ಮಾತು ಬಾರದೇ ಹೋದೀತಲ್ಲ?

ಈ ಭಯ ಎಲ್ಲರಿಗೂ ಇದೆ. ಕಾರ್ಡು, ಸನ್ನೆ, ಟ್ಯಾಬ್ಲೆಟ್ ಬಳಸಿದ್ದರಿಂದ ಮಾತು ಹಿಂದೆ ಬಿದ್ದದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ, ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದೆ. ಕೇಳಲು ದಾರಿ ಸಿಕ್ಕಿದ ಮೇಲೆ ಕಿರುಚುವುದು, ಕಚ್ಚುವುದು ಕಡಿಮೆಯಾಗುತ್ತದೆ. ಕಾರ್ಡಿನಲ್ಲಿ ಅಮೆರಿಕದ ಪಿಜ್ಜಾ ಚಿತ್ರ ಬೇಡ. ನಿಮ್ಮ ಮನೆಯ ಲೋಟ, ನಿಮ್ಮ ಬಾವಿಕಟ್ಟೆ, ನಿಮ್ಮ ಬೈಕನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಪ್ರಿಂಟ್ ಹಾಕಿಸಿ.

ಸರಕಾರದಿಂದ ಕಾಕ್ಲಿಯರ್ ಆಪರೇಷನ್ ಆಗುತ್ತದಂತೆ. ಅದಾದರೆ ಥೆರಪಿ ಬೇಡ ಅಲ್ವಾ?

ಕಾಕ್ಲಿಯರ್ ಎಂದರೆ ಕೇಳಲು ನೆರವಾಗುವ ಯಂತ್ರ, ಒಂದು ಭಾಗವನ್ನು ಆಪರೇಷನ್ ಮಾಡಿ ಒಳಗೆ ಕೂರಿಸುತ್ತಾರೆ, ಇನ್ನೊಂದನ್ನು ಹೊರಗೆ ಕಿವಿಗೆ ಹಾಕಿಕೊಳ್ಳಬೇಕು. ಆಪರೇಷನ್ ಕೇಳುವ ದಾರಿ ತೆರೆಯುತ್ತದೆ, ಕೇಳಿದ್ದಕ್ಕೆ ಅರ್ಥ ಕಟ್ಟಲು ವರ್ಷಗಳ ಥೆರಪಿ ಬೇಕು. ಯಂತ್ರ ಚಾಲೂ ಮಾಡುವುದೇ ಗಾಯ ಮಾಗಿದ ಕೆಲವು ವಾರಗಳ ಮೇಲೆ, ಮಗುವಿನ ಕೇಳುವ ವಯಸ್ಸನ್ನು ಆ ದಿನದಿಂದ ಎಣಿಸಿ. ಎದ್ದಿರುವಷ್ಟು ಹೊತ್ತೂ ಯಂತ್ರ ಕಿವಿಯಲ್ಲಿರಬೇಕು. ನಮ್ಮ ಮಳೆಗಾಲದ ತೇವ ಅದಕ್ಕೆ ಶತ್ರು, ರಾತ್ರಿ ಹೊರಭಾಗವನ್ನು ತೇವ ಹೀರುವ ಡಬ್ಬಿಯಲ್ಲಿಡಿ. ಕೇರಳದ ಶ್ರುತಿತರಂಗಂ ಯೋಜನೆ ಐದು ವರ್ಷದೊಳಗಿನ ಮಕ್ಕಳಿಗೆ, ಹಾಗಾಗಿ ಅರ್ಜಿಗೆ ತಡಮಾಡುವಂತಿಲ್ಲ.

ಎಲ್ಲರಿಗೂ ಆಪರೇಷನ್ ಹೊಂದುವುದಿಲ್ಲ. ಸನ್ನೆ ಭಾಷೆ ಪೂರ್ಣ ಭಾಷೆಯೇ, ಅದನ್ನು ಸೋಲು ಎಂದು ನೋಡಬೇಡಿ. ಕನ್ನಡ ಮನೆಗಳು ಬೇಗ ಯೋಚಿಸಬೇಕಾದದ್ದು ಇನ್ನೊಂದಿದೆ: ಜಿಲ್ಲೆಯೊಳಗೆ ಕಿವುಡ ಮಕ್ಕಳ ಶಾಲೆ ಎಂದರೆ ಚೆರ್ಕಳದ ಮಾರ್ತೋಮ, ಅಲ್ಲಿಗೆ ಸೇರಿಸಿದರೆ ಓದು ಬರಹ ಮಲಯಾಳದಲ್ಲಿ. ಮಗು ಬರೆದದ್ದನ್ನು ಮನೆಯಲ್ಲಿ ಓದಬಲ್ಲವರು ಯಾರು ಎಂಬುದನ್ನು ಸೇರಿಸುವ ಮೊದಲೇ ನಿಶ್ಚಯಿಸಿ. ಅಮ್ಮ ಮಲಯಾಳ ಅಕ್ಷರ ಕಲಿತ ಮನೆಗಳೂ ಇವೆ.

ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದರೆ ಹೆಣ್ಣುಮಗುವಿಗೆ ಮುಂದೆ ಸಂಬಂಧ ಕೂಡಿಬರುವುದು ಕಷ್ಟ ಅಂತಾರೆ ದೊಡ್ಡಪ್ಪ. ಮಾಡಿಸದಿದ್ದರೆ ನಡೆಯುತ್ತದಾ?

ಥೆರಪಿಗೆ ಸರ್ಟಿಫಿಕೇಟ್ ಬೇಡ. ಸೌಲಭ್ಯಕ್ಕೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಮಾತು ಮತ್ತು ಭಾಷೆಯ ತೊಂದರೆಯೂ ಅದರಲ್ಲಿದೆ. ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಸವಲತ್ತು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅಕ್ಷಯ ಎಂಬ ಆನ್‌ಲೈನ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿಸಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ), ಬುದ್ಧಿಮಾಂದ್ಯ ಅಥವಾ ಬಹುವೈಕಲ್ಯ ಇದ್ದರೆ ನಿರಾಮಯ ಎಂಬ ಆರೋಗ್ಯ ವಿಮೆ ಸಿಗುತ್ತದೆ, ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವುದು ಎಷ್ಟೋ ಸಲ ಇಂತಿಷ್ಟು ವರ್ಷದ ತಾತ್ಕಾಲಿಕ ಸರ್ಟಿಫಿಕೇಟ್. ಕಪಾಟಿನಲ್ಲಿಟ್ಟ ಕಾಗದವನ್ನು ಹುಡುಗನ ಕಡೆಯವರು ಹುಡುಕಿಕೊಂಡು ಬರುವುದಿಲ್ಲ ಎಂದು ದೊಡ್ಡಪ್ಪನಿಗೆ ಹೇಳಿ.

ನಮ್ಮದು ಎಣ್ಮಕಜೆ. ಮಗನಿಗೆ 17, ಸೆರೆಬ್ರಲ್ ಪಾಲ್ಸಿ. ಮಾತು ಬರಲಿಕ್ಕಿಲ್ಲ ಅಂತ ಮೊದಲೇ ಹೇಳಿದ್ದಾರೆ. ಇನ್ನು ಥೆರಪಿಯಿಂದ ಎಂತ ಆಗಲಿಕ್ಕುಂಟು?

ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ನಿಮ್ಮದು. ಆ ಕಡೆಯ ಮನೆಗಳಲ್ಲಿ ಈ ಪ್ರಶ್ನೆಯನ್ನು ದಣಿದ ದನಿಯಲ್ಲೇ ಕೇಳುತ್ತಾರೆ. 17ರಲ್ಲಿ ಸ್ಪಷ್ಟ ಮಾತು ಹೊಸದಾಗಿ ಬಂದೀತೆಂದು ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಎರಡು ಕೆಲಸ ಈಗಲೂ ಆಗುವಂಥವು.

ಒಂದು, ಊಟ. ನುಂಗುವುದೂ ವಾಕ್ ಚಿಕಿತ್ಸಕರ ಕ್ಷೇತ್ರವೇ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮಲಗಿಸಿ ಉಣಿಸಿದರೆ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಉಣ್ಣುವಾಗ ಕೆಮ್ಮು, ಗೊರಗೊರ ಸದ್ದು, ಮೇಲಿಂದ ಮೇಲೆ ಕಫ ಜ್ವರ ಇದ್ದರೆ ತಕ್ಷಣ ತೋರಿಸಿ. ಕೂರಿಸುವ ಭಂಗಿ, ಗಂಜಿಯ ದಪ್ಪ, ತುತ್ತಿನ ಗಾತ್ರ ಬದಲಿಸಿದರೆ ಎಷ್ಟೋ ಅಪಾಯ ತಪ್ಪುತ್ತದೆ.

ಎರಡು, ಹೌದು ಮತ್ತು ಬೇಡ. ಅವನಲ್ಲಿ ಈಗಲೇ ಒಂದು ‘ಹೌದು’ ಇದೆ: ಕಣ್ಣು ಮೇಲೆತ್ತುವುದೋ, ನಗುವುದೋ, ಕೈ ಬಿಗಿಯುವುದೋ. ಅದು ನಿಮಗೊಬ್ಬರಿಗೇ ಗೊತ್ತು. ಥೆರಪಿಸ್ಟರು ಅದನ್ನು ಗಟ್ಟಿ ಮಾಡಿ, ಬೇರೆಯವರಿಗೂ ಓದಲು ಬರುವಂತೆ ಮಾಡುತ್ತಾರೆ. ‘ಕಣ್ಣು ಮೇಲೆತ್ತಿದರೆ ಹೌದು, ಮುಖ ತಿರುಗಿಸಿದರೆ ಬೇಡ, ನಾಲಿಗೆ ಚಾಚಿದರೆ ನೀರು’ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಹಾಸಿಗೆಯ ಪಕ್ಕ ಅಂಟಿಸಿ. ಪಂಚಾಯತಿನ ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ಹೋಗುತ್ತಿದ್ದರೆ ಅಲ್ಲಿಯ ಟೀಚರಿಗೂ ಆಯಾಗೂ ಒಂದೊಂದು ಪ್ರತಿ ಕೊಡಿ.